ಯಾರೂ ಮೂಸದ ಐವತ್ತು ಚುಟ್ಟ

ಅಪ್ಪ ಕ್ಯೂಬಾಕ್ಕೆ ಹೊರಡುವ ಹಿಂದಿನ ದಿನ ನಾನು ಒಂದು ಚೀಟಿ ಬರೆದು ಅವರ ಅಂಗಿಯ ಜೇಬಿಗೆ ಇಟ್ಟೆ. ಅದರಲ್ಲಿ ಇದ್ದದ್ದು ಎರಡೇ ಸಾಲು. ‘ಮದ್ಯ ಒಂದು ಲೀಟರ್. ಚುಟ್ಟ ಐವತ್ತು.’

ಹೊರದೇಶದಿಂದ ಬರುವವರು ಸುಂಕ ಕಟ್ಟದೆ ಇಷ್ಟನ್ನು ತರಬಹುದು ಎಂಬುದು ಆಗಿನ ನಿಯಮ. ಶಿವಮೊಗ್ಗದ ಗಾಂಧಿ ಬಜಾರಿನ ಹತ್ತಿರ ತ್ರಿವಿಕ್ರಮ ಅವರ ಟ್ರಾವೆಲ್ ಏಜೆನ್ಸಿಯಲ್ಲಿ ನಾನು ಪಾಸ್‌ಪೋರ್ಟ್, ವೀಸಾ ಅರ್ಜಿಗಳನ್ನು ತುಂಬುತ್ತಿದ್ದೆ. ನಿಯಮಗಳ ಪುಸ್ತಕ ನನ್ನ ಮೇಜಿನ ಮೇಲೇ ಇರುತ್ತಿತ್ತು. ಮಧ್ಯಾಹ್ನ ಅದರ ಮೇಲೆ ಊಟದ ಡಬ್ಬಿ ಇಟ್ಟುಕೊಳ್ಳುತ್ತಿದ್ದೆ.

ಅಪ್ಪ ಚೀಟಿಯನ್ನು ಎರಡು ಸಲ ಓದಿದರು. “ಇಷ್ಟೂ ತರಲೇಬೇಕಾ ಅಕ್ಷರಾ?”

“ನಿಯಮದಲ್ಲಿ ತರಬಹುದು ಅಂತ ಇದೆ. ತರಲೇಬೇಕು ಅಂದಿದ್ದು ಅಜ್ಜಿ.”

ಅಪ್ಪ ನಿಟ್ಟುಸಿರು ಬಿಟ್ಟರು. ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ, ಕಬ್ಬಿನ ಸಿಪ್ಪೆ ಬೇಯಿಸುವ ವಿಭಾಗದಲ್ಲಿ ಅವರು ಫೋರ್‌ಮನ್. ಕ್ಯೂಬಾದವರು ಅದನ್ನು ಬೇರೆ ರೀತಿ ಬೇಯಿಸುತ್ತಾರಂತೆ, ನೋಡಿಕೊಂಡು ಬರಲಿ ಎಂದು ಮೂರು ವಾರಕ್ಕೆ ಇವರನ್ನು ಕಳಿಸುತ್ತಿದ್ದರು. ಸಾರಾಯಿ ಅಂಗಡಿ ಎದುರಾದರೆ ಸೈಕಲ್ ಜೋರಾಗಿ ತುಳಿದು ದಾಟುವ ಮನುಷ್ಯ. ಹಣೆಯಲ್ಲಿ ವಿಭೂತಿ ಇಲ್ಲದೆ ಶಿಫ್ಟಿಗೆ ಹೋದವರಲ್ಲ. ಅಂಥವರು ಏಳು ಸಮುದ್ರ ದಾಟಿ ರಮ್ಮು, ಚುಟ್ಟ ಹೊತ್ತು ತರಬೇಕಾಗಿ ಬಂದದ್ದು ಅಜ್ಜಿಯ ಮಾತಿನಿಂದ.

ಮೂರು ವರ್ಷದ ಹಿಂದೆ, ತೊಂಬತ್ತೆಂಟರಲ್ಲಿ, ಅಪ್ಪ ಕಾಮಾಲೆಯಾಗಿ ಆಸ್ಪತ್ರೆ ಸೇರಿದ್ದರು. ಕಣ್ಣು ಅರಿಸಿನದ ಬಟ್ಟಲಾಗಿತ್ತು. ಹದಿನೈದನೇ ದಿನ ಡಾಕ್ಟರು ಅಮ್ಮನ ಮುಖ ನೋಡದೆ ಮಾತಾಡಿದರು. ಅಷ್ಟರೊಳಗೆ ಅಜ್ಜಿ ತನಗೆ ಗೊತ್ತಿದ್ದ ದೇವರಿಗೆಲ್ಲ ಹೇಳಿಕೊಂಡಾಗಿತ್ತು. ಉಳಿದಿದ್ದವನು ಪೇಪರ್ ಟೌನ್ ಕ್ವಾರ್ಟರ್ಸಿನ ಹಿಂದೆ, ಹುಣಸೆಮರದ ಬುಡದಲ್ಲಿದ್ದ ಮುನೇಶ್ವರ ಒಬ್ಬನೇ. ತಮಿಳು ಕೆಲಸಗಾರರು ತಂದು ನಿಲ್ಲಿಸಿದ ಕಲ್ಲು. ಎಣ್ಣೆಗಪ್ಪು ಮೈಗೆ ದೊಡ್ಡ ಬಿಳಿ ಮೀಸೆ. ಅವನಿಗೆ ಚುಟ್ಟ, ಸಾರಾಯಿ ಎಡೆ. ನಮ್ಮ ಅಜ್ಜಿ ಜಗದಾಂಬಾ, ಮೊಟ್ಟೆ ಮುಟ್ಟಿದ ತಟ್ಟೆಯನ್ನು ಮೂರು ಸಲ ತೊಳೆಸುವವಳು, ಕೊರಳ ಲಿಂಗವನ್ನು ಸೆರಗಿನೊಳಗೆ ಇನ್ನೂ ಆಳಕ್ಕೆ ತಳ್ಳಿಕೊಂಡು ಅಲ್ಲಿಗೆ ಹೋದಳು.

“ನನ್ನ ಮಗನ್ನ ಉಳಿಸಿಕೊಡು. ಏಳು ಸಮುದ್ರದ ಆಚೆಯಿಂದ ನಿನಗೆ ಚುಟ್ಟ, ಸಾರಾಯಿ ತರಿಸಿಕೊಡ್ತೀನಿ. ಮೀಸಲಾಗಿ.”

ಏಳು ಸಮುದ್ರ ಯಾಕೆ ಬೇಕಿತ್ತು? ಓಲ್ಡ್ ಟೌನಿನ ಅಂಗಡಿಯದು ಎಂದಿದ್ದರೆ ಸಾಕಾಗಿತ್ತು. ಆದರೆ ಅಜ್ಜಿಯ ಬಾಯಲ್ಲಿ ಹರಕೆಯ ಅಳತೆಯೇ ಅಷ್ಟು ದೊಡ್ಡದು. ಅವಳ ಕಥೆಗಳಲ್ಲಿ ಯಾರೂ ಪಕ್ಕದ ಬೀದಿಗೆ ಹೋಗಿ ಏನನ್ನೂ ತಂದವರಿಲ್ಲ.

ಅಪ್ಪ ಎದ್ದು ಕೂತರು. ಅಜ್ಜಿ ಆ ದಿನವೇ ಎಲೆ ಅಡಿಕೆ ಬಿಟ್ಟಳು, ಹರಕೆ ತೀರಿಸುವವರೆಗೆ ಬಾಯಿಗೆ ಹಾಕುವುದಿಲ್ಲ ಎಂದು. ಅಪ್ಪ ಬದುಕಿದ್ದಕ್ಕೆ ನನಗೆ ಸಂತೋಷವಾಯಿತು, ಸರಿ. ಆದರೆ ಎಲೆ ಅಡಿಕೆಯ ಜೊತೆಗೆ ಕಥೆಯೂ ನಿಂತುಹೋಯಿತು. ಬಾಯಲ್ಲಿ ಎಲೆಯ ರಸ ಇಲ್ಲದೆ ಅಜ್ಜಿಗೆ ಕಥೆ ಬರುವುದಿಲ್ಲ. ಕೇಳಿದರೆ, “ಬಾಯಿ ಒಣಗಿದೆ ಕಣೇ, ಏನು ಹೇಳಲಿ?” ಎನ್ನುತ್ತಿದ್ದಳು.

ನಿಂತದ್ದೂ ಎಂಥ ಜಾಗದಲ್ಲಿ! ಕುಂಬಾರರ ಹುಡುಗಿಯೊಬ್ಬಳು ಏಳು ಸಮುದ್ರದ ಆಚೆ ಇರುವ ಆರದ ದೀಪ ತರಲು ಹೊರಟಿದ್ದಾಳೆ. ಪ್ರತಿ ಸಮುದ್ರದ ದಡದಲ್ಲೂ ಒಬ್ಬ ಸುಂಕದವನು. ಮೊದಲನೆಯವನು ಅವಳ ಕಾಲ್ಗೆಜ್ಜೆ ಕೇಳಿದ, ಕೊಟ್ಟಳು. ಎರಡನೆಯವನು ಜಡೆ ಕೇಳಿದ, ಕೊಯ್ದು ಕೊಟ್ಟಳು. ಮೂರನೆಯವನು ನೆರಳು ಕೇಳಿದ. ಅವಳು ತನ್ನ ನೆರಳನ್ನು ಒಗೆದ ಸೀರೆಯ ಹಾಗೆ ಮಡಚಿ ಅವನ ಕೈಗಿಟ್ಟಳು. ನಾಲ್ಕನೆಯವನ ಹತ್ತಿರ ಬಂದಾಗ ಆಸ್ಪತ್ರೆಯಿಂದ ಫೋನು ಬಂತು. ಅಲ್ಲಿಂದ ಮೂರು ವರ್ಷ ಆ ಹುಡುಗಿ ನೆರಳಿಲ್ಲದೆ ದಡದಲ್ಲೇ ನಿಂತಿದ್ದಾಳೆ. ಹತ್ತೊಂಬತ್ತಿದ್ದ ನನಗೆ ಇಪ್ಪತ್ತೆರಡಾಯಿತು. ಏಜೆನ್ಸಿಯಲ್ಲಿ ಯಾರಾದರೂ ದುಬೈಯಿಂದ ಬಂದು “ಕಸ್ಟಮ್ಸ್‌ನೋರು ಕಾಟ ಕೊಟ್ರು” ಎಂದರೆ ನನ್ನ ತಲೆಯಲ್ಲಿ ಬರುತ್ತಿದ್ದದ್ದು ಬಿಳಿ ಸಮವಸ್ತ್ರದವರಲ್ಲ. ಮಡಚಿದ ನೆರಳನ್ನು ಕಂಕುಳಲ್ಲಿ ಇಟ್ಟುಕೊಂಡ ಆ ಮೂರನೆಯವನು.

*

ಮಾರ್ಚ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಅಪ್ಪ ಮುಂಬೈ ಬಸ್ಸಿನಿಂದ ಶಿವಮೊಗ್ಗದಲ್ಲಿ ಇಳಿದರು. ಕರೆತರಲು ನಾನೊಬ್ಬಳೇ ಹೋಗಿದ್ದೆ. ಮೊದಲು ಕೇಳಿದ್ದು ಹೇಗಿದ್ದೀರಿ ಎಂದಲ್ಲ.

“ಇದೆಯಾ?”

“ಇದೆ ಕಣಮ್ಮ. ಸೀಲು ಒಡೆದಿಲ್ಲ.”

ಅಪ್ಪನಿಗೆ ಮುಂಬೈ ವಿಮಾನ ನಿಲ್ದಾಣದ ಕಸ್ಟಮ್ಸಿನಲ್ಲಿ ನಡೆದದ್ದನ್ನು ಹೇಳದೆ ಬಸ್‌ಸ್ಟ್ಯಾಂಡಿನಿಂದ ಕಾಲು ಕೀಳಲು ಆಗಲಿಲ್ಲ. ವಿಮಾನ ಇಳಿದವರೆಲ್ಲ ಹಸಿರು ದಾರಿಯಲ್ಲಿ ಸುಮ್ಮನೆ ಹೊರಗೆ ಹೋದರಂತೆ. ತೋರಿಸಲು ಏನೂ ಇಲ್ಲದವರ ದಾರಿ ಅದು. ಇವರು ಮಾತ್ರ ಕೆಂಪು ದಾರಿಯಲ್ಲಿ ಹೋಗಿ, ಪೆಟ್ಟಿಗೆ ಮೇಜಿನ ಮೇಲಿಟ್ಟು, ನನ್ನ ಕನ್ನಡ ಚೀಟಿಯನ್ನು ಅಧಿಕಾರಿಗೆ ತೋರಿಸಿದ್ದಾರೆ.

“ಅವರಿಗೆ ಕನ್ನಡ ಬರಲ್ಲ. ನಾನೇ ಹೇಳ್ದೆ, ಒನ್ ಲೀಟರ್, ಫಿಫ್ಟಿ, ಪ್ಲೀಸ್ ಕೌಂಟ್ ಸರ್ ಅಂತ.”

“ಎಣಿಸಿ ಅಂದ್ರಾ? ಅಪ್ಪಾ! ತೆಗೆದು ಮುಟ್ಟಿದ್ರೆ ಏನು ಗತಿ?”

“ನಿಯಮ ಅಂದ್ರೆ ನಿಯಮ ಅಲ್ವೇನಮ್ಮ. ಆದ್ರೆ ಅವರು ಎಣಿಸಲಿಲ್ಲ. ನನ್ನ ಮುಖ ನೋಡಿದ್ರು, ಹಣೆ ನೋಡಿದ್ರು, ಗೋ ಗೋ ಅಂದ್ರು.” ಅಪ್ಪನ ಧ್ವನಿಯಲ್ಲಿ ಸ್ವಲ್ಪ ಬೇಸರವೂ ಇತ್ತು, ಅಷ್ಟು ಸರಿಯಾಗಿ ತಂದದ್ದನ್ನು ಯಾರೂ ನೋಡಲಿಲ್ಲವಲ್ಲ ಎಂದು.

ನನಗೆ ಅಳು ಬರುವಷ್ಟು ಸಮಾಧಾನವಾಯಿತು. ಮೀಸಲು ಎಂದರೆ ಬರೀ ತೆಗೆದಿಡುವುದಲ್ಲ. ದೇವರಿಗೆ ಹೇಳಿದ ಹೂವನ್ನು ಮೂಸುವಂತಿಲ್ಲ, ಹಣ್ಣನ್ನು ಕಚ್ಚುವಂತಿಲ್ಲ, ಮೊದಲ ವಾಸನೆಯೂ ಅವನದೇ. ಇನ್ನು ಉಳಿದದ್ದು ಭದ್ರಾವತಿಯವರೆಗೆ ಮುಕ್ಕಾಲು ಗಂಟೆಯ ದಾರಿ.

“ಈಗಿನ ಬಸ್ಸಿಗೇ ಹೋಗಿಬಿಡೋಣಪ್ಪ.”

“ನಿಮ್ಮ ಮಾವ ಬಿಡ್ತಾರೇನೆ? ನೋಡಲ್ಲಿ.”

ಅಮ್ಮನ ಅಣ್ಣ ಉಜ್ಜನಪ್ಪ ಮಾವ ಆಗಲೇ ಸ್ಕೂಟರ್ ನಿಲ್ಲಿಸಿ ಬರುತ್ತಿದ್ದರು. ಗಾಂಧಿ ಬಜಾರಿನಲ್ಲಿ ಅವರದು ಬಟ್ಟೆಯ ಹೋಲ್‌ಸೇಲ್ ಅಂಗಡಿ, ಅದರ ಮೇಲೇ ಮನೆ.

“ಏನ್ ಭಾವ, ಹಡಗು ಇಳಿದು ಹಂಗೇ ಹೋಗೋದಾ? ಹೊರದೇಶಕ್ಕೆ ಹೋಗಿ ಬಂದೋರು ಸ್ನಾನ ಮಾಡ್ದೆ ಸ್ವಂತ ಹೊಸ್ತಿಲು ದಾಟಬಾರದು. ನಡೀರಿ, ನಮ್ಮನೆಯೋಳು ರೊಟ್ಟಿ ತಟ್ತಾ ಇದಾಳೆ.”

“ಮಾವ, ಅಜ್ಜಿ ಕಾಯ್ತಾ ಇರ್ತಾಳೆ. ಮಧ್ಯಾಹ್ನದೊಳಗೆ ಪೂಜೆ ಆಗಬೇಕು.”

“ಕಾಯಲಿ ಬಿಡೇ ಮಾರಾಯ್ತಿ. ಮೂರು ವರ್ಷ ಕಾದೋರಿಗೆ ಒಂದು ಗಂಟೆ ಭಾರವಾ?”

ಅಪ್ಪ ನನ್ನ ಕಡೆ ನೋಡಿ, ಏನು ಮಾಡಲಿ ಎಂಬಂತೆ ಕೈ ತಿರುಗಿಸಿದರು. ಯಾರಿಗೂ ಬೇಡ ಎನ್ನಲು ಬಾರದ ಕೈ ಅದು.

ಮಾವನ ಮನೆಯ ನಡುಮನೆಯಲ್ಲಿ ನಾನು ಪೆಟ್ಟಿಗೆಯ ಮೇಲೇ ಕುಳಿತೆ. ಅಪ್ಪ ಟವೆಲ್ ಬೇಕೆಂದರು. ಎದ್ದೆ, ಬೀಗ ತೆಗೆದರು, ಟವೆಲ್ ತೆಗೆದುಕೊಂಡರು, ಬಚ್ಚಲಿಗೆ ಹೋದರು. ನಾನು ಮತ್ತೆ ಕುಳಿತೆ. ಬೀಗ ಹಾಕಲಿಲ್ಲವೆಂದು ಹೊಳೆಯುವಷ್ಟರಲ್ಲಿ ಅತ್ತೆ ಅಡುಗೆಮನೆಯಿಂದ ಕೂಗಿದರು.

“ಅಕ್ಷರಾ, ಬಾರೇ, ಒಲೆ ಮೇಲಿನ ರೊಟ್ಟಿ ತಿರುವು. ನನ್ನ ಕೈಯೆಲ್ಲ ಹಿಟ್ಟು.”

“ಬಂದೆ ಅತ್ತೆ, ಒಂದ್ ನಿಮಿಷ.”

“ಸೀಯ್ತಾ ಇದೆ ಕಣೇ!”

ನಾಲ್ಕು ರೊಟ್ಟಿ. ಅಷ್ಟೇ ಹೊತ್ತು. ಐದನೆಯದು ಹಂಚಿನ ಮೇಲಿದ್ದಾಗ ನಡುಮನೆಯಿಂದ ಒಂದು ವಾಸನೆ ಬಂತು. ಬೆಲ್ಲ, ಒದ್ದೆ ಮರ, ಹಳೆಯ ಬೀರು, ಎಲ್ಲ ಸೇರಿದಂಥದ್ದು. ನಾನು ಎಂದೂ ಮೂಸಿರದ ವಾಸನೆ. ಸಟ್ಟುಗ ಅಲ್ಲೇ ಬಿಟ್ಟು ಓಡಿದೆ.

ಪೆಟ್ಟಿಗೆ ತೆರೆದಿತ್ತು. ಚುಟ್ಟದ ಮರದ ಡಬ್ಬಿ ಮಾವನ ತೊಡೆಯ ಮೇಲಿತ್ತು. ಅದನ್ನು ಸುತ್ತಿದ್ದ ಹಸಿರು ಪಟ್ಟಿಯನ್ನು ಬಟ್ಟೆ ಕತ್ತರಿಸುವ ಕತ್ತರಿಯಿಂದ ನೀಟಾಗಿ ಕತ್ತರಿಸಿದ್ದರು. ಪಕ್ಕದ ಕಾಳಿನ ಅಂಗಡಿಯ ಹೊನ್ನಯ್ಯನವರು ಯಾವಾಗ ಬಂದಿದ್ದರೋ, ಒಂದು ಚುಟ್ಟವನ್ನು ಮೂಗಿನ ಕೆಳಗೆ ಹಿಡಿದು ಕಣ್ಣು ಮುಚ್ಚಿದ್ದರು.

“ಮಾವ! ಅದು ದೇವರದ್ದು!”

“ಅಯ್ಯೋ, ಎದೆ ಒಡೀತಲ್ಲೇ. ಮೆತ್ತಗೆ ಮಾತಾಡು.”

“ಯಾಕೆ ತೆಗೆದ್ರಿ? ಯಾರ ಹತ್ರ ಕೇಳಿ ತೆಗೆದ್ರಿ?”

“ನನ್ನ ತಂಗಿ ಗಂಡನ ಪೆಟ್ಟಿಗೆ ತೆಗೆಯಕ್ಕೆ ನಿನ್ನ ಹತ್ರ ಅರ್ಜಿ ಹಾಕಬೇಕಾ? ಸರ್ಕಾರದೋರೇ ತಡೀಲಿಲ್ಲ ಅಂತೆ, ನೀನೊಬ್ಬಳು ಕಸ್ಟಮ್ಸ್ ಬಂದುಬಿಟ್ಯಾ?” ಮಾವ ನಕ್ಕರು. “ಸೇದಿಲ್ಲ ಕಣೇ. ಬರೀ ಮೂಸಿದ್ದು. ಎಣಿಸಿ ನೋಡು, ಐವತ್ತೂ ಇದೆ.”

“ಎಣಿಕೆ ಯಾರು ಕೇಳಿದ್ರು?”

“ನೀನೇ ಬರೆದುಕೊಟ್ಟಿದ್ದಲ್ವಾ ಐವತ್ತು ಅಂತ? ಮೂಸಿದ್ರೆ ನಲವತ್ತೊಂಬತ್ತಾಗುತ್ತಾ?”

ಹೊನ್ನಯ್ಯ ಕಣ್ಣು ಬಿಟ್ಟರು. “ಭಾರೀ ಮಾಲು ಉಜ್ಜನಪ್ಪ. ನಮ್ಮ ಹೊಳೆಹೊನ್ನೂರಿನ ತಂಬಾಕು ಇದರ ಮುಂದೆ ಗೊಬ್ಬರ.” ಎಂದು ಅದನ್ನು ಒರೆಸಿ ಡಬ್ಬಿಯೊಳಗೆ ಇಟ್ಟರು. ಒರೆಸಿದ್ದು ಹೆಗಲ ಮೇಲಿನ ಟವೆಲ್ಲಿನಿಂದ.

ಮಾವ ಬಾಟಲಿಗೆ ಕೈ ಹಾಕಿದರು. ನಾನು ಅದನ್ನು ಕಸಿದು ಎದೆಗೆ ಅವುಚಿಕೊಂಡೆ.

“ಬಾಟ್ಲಿ ನೋಡಿ ಕೊಡ್ತೀನಿ ಕಣೇ.”

“ಕೊಡಲ್ಲ.”

“ಹೆಣ್ಣುಮಗಳು ರಮ್ಮಿನ ಬಾಟ್ಲಿ ತಬ್ಬಿಕೊಂಡು ನಿಂತಿದೀಯಲ್ಲ, ಬಜಾರಿನೋರು ನೋಡಿದ್ರೆ ಏನಂತಾರೆ?”

“ಏನಾದ್ರೂ ಅನ್ನಲಿ.”

ಅಪ್ಪ ಸ್ನಾನ ಮುಗಿಸಿ ವಿಭೂತಿ ಇಟ್ಟುಕೊಂಡು ಬಂದವರು ಬಾಗಿಲಲ್ಲೇ ನಿಂತರು. ನಾನು ಅವರ ಬಾಯಿಂದ ಒಂದು ಗಟ್ಟಿ ಮಾತಿಗಾಗಿ ಕಾದೆ. ಅವರು ಡಬ್ಬಿಯನ್ನು ತೆಗೆದುಕೊಂಡು, ಕತ್ತರಿಸಿದ ಪಟ್ಟಿಯ ಎರಡು ತುದಿ ಜೋಡಿಸಿ ನೋಡಿದರು.

“ಗೋಂದು ಇದೆಯಾ ಭಾವ?”

ಅಷ್ಟೇ. ಅಂಗಡಿಯಿಂದ ಗೋಂದು ಬಂತು. ಸೀರೆಗೆ ಚೀಟಿ ಅಂಟಿಸುವ ಗೋಂದು. ಕಾರ್ಖಾನೆಯ ಕೈ, ಗೆರೆ ಕೂಡ ಕಾಣದ ಹಾಗೆ ಅಂಟಿಸಿದರು. ಅತ್ತೆ ಬಡಿಸಿದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟೆ. ತಿರುವದೆ ಬಿಟ್ಟ ಐದನೆಯದು ಸೀದು ಮನೆಯೆಲ್ಲ ಹೊಗೆ ತುಂಬಿತ್ತು, ಅದಕ್ಕೂ ನನಗೇ ಬೈಗುಳ ಸಿಕ್ಕಿತು.

*

ಭದ್ರಾವತಿ ಬಸ್ಸಿನಲ್ಲಿ ಬಾಟಲಿಯನ್ನು ಟವೆಲ್ಲಿನಲ್ಲಿ ಸುತ್ತಿ ಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡಿದ್ದೆ. ಬಸ್ಸು ತುಂಗೆಯ ಸೇತುವೆ ದಾಟಿತು.

“ಅಜ್ಜಿಗೆ ಹೇಳಬೇಡ,” ಎಂದರು ಅಪ್ಪ.

“ಕೇಳ್ತಾಳೆ.”

“ಕೇಳಿದ್ರೆ ನಾನು ಹೇಳ್ತೀನಿ. ನೀನು ಸುಮ್ನಿರು. ಮೂರು ವರ್ಷ ಆಯ್ತಮ್ಮ ಅವಳು ಎಲೆ ಬಿಟ್ಟು. ಇನ್ನೊಂದ್ ಸಲ ನನ್ನನ್ನ ಯಾರು ಕ್ಯೂಬಾಕ್ಕೆ ಕಳಿಸ್ತಾರೆ?”

“ಗಟ್ಟಿಯಾಗಿ ಒಂದು ಮಾತು ಮಾವಂಗೆ ಅನ್ನಬಹುದಿತ್ತಲ್ಲಪ್ಪ.”

ಅಪ್ಪ ಕಿಟಕಿಯ ಕಡೆ ತಿರುಗಿದರು. ಅವರ ಕತ್ತಿನ ಹಿಂದೆ ಸೋಪಿನ ನೊರೆ ಹಾಗೇ ಒಣಗಿತ್ತು. ಇಡೀ ಭೂಗೋಳ ಸುತ್ತಿ, ಸಾಗರದ ಮೇಲೆ ಹಾರಿ, ಕೆಂಪು ದಾರಿಯಲ್ಲಿ ಹೋಗಿ ಎಣಿಸಿ ಎಂದು ಕೇಳಿಯೂ ಉಳಿದು ಬಂದದ್ದು, ಗಾಂಧಿ ಬಜಾರಿನ ಒಂದು ನಡುಮನೆಯಲ್ಲಿ, ನಾಲ್ಕು ರೊಟ್ಟಿ ಬೇಯುವಷ್ಟರಲ್ಲಿ ಕೆಟ್ಟಿತು. ನನಗೆ ಮಾವನ ಮೇಲೆ ಎಷ್ಟು ಸಿಟ್ಟೋ ಅಷ್ಟೇ ಸಿಟ್ಟು ಅಪ್ಪನ ಬೀಗದ ಮೇಲೆ, ಅತ್ತೆಯ ಹಿಟ್ಟಿನ ಕೈಯ ಮೇಲೆ, ಎದ್ದುಹೋದ ನನ್ನ ಕಾಲಿನ ಮೇಲೆ.

ಹೇಳಬಾರದು ಎಂದೇ ತೀರ್ಮಾನಿಸಿದೆ. ನಾಲ್ಕನೆಯ ಸುಂಕದವನು ಏನು ಕೇಳಿದ ಎಂದು ನನಗೆ ತಿಳಿಯಬೇಕಿತ್ತು.

ಹುಣಸೆಮರದ ಕೆಳಗೆ ಅಜ್ಜಿ ಆಗಲೇ ಬಂದು ಕುಳಿತಿದ್ದಳು. ಪಕ್ಕದಲ್ಲಿ ಅಮ್ಮ. ಪೂಜೆ ಮಾಡುವ ಮಾರಪ್ಪ ಅಪ್ಪನ ವಿಭಾಗದಲ್ಲೇ ಕೆಲಸ ಮಾಡುವವನು, ಕಲ್ಲಿಗೆ ಎಣ್ಣೆ ಹಚ್ಚಿ ಮೀಸೆಗೆ ಹೊಸ ಸುಣ್ಣ ಬಳಿದಿದ್ದ. ನಾನು ನೋಡಿದ್ದು ಅಜ್ಜಿಯ ಮಡಿಲನ್ನು. ಅಲ್ಲಿ ಹಿತ್ತಾಳೆಯ ತಟ್ಟೆ. ತಟ್ಟೆಯಲ್ಲಿ ತೊಳೆದು ಒರೆಸಿದ ಮೂರು ಚಿಗುರೆಲೆ, ಸುಣ್ಣದ ಡಬ್ಬಿ, ಆಗಷ್ಟೇ ಕತ್ತರಿಸಿದ ಅಡಿಕೆಯ ಹೋಳು. ಮೂರು ವರ್ಷದಿಂದ ಅಟ್ಟದ ಮೇಲಿದ್ದ ತಟ್ಟೆ ಹುಣಸೆಹಣ್ಣು ತಿಕ್ಕಿಸಿಕೊಂಡು ಹೊಳೆಯುತ್ತಿತ್ತು.

“ಬಂದ್ಯೇನೋ ರುದ್ರೇಶ,” ಎಂದಳು ಅಜ್ಜಿ. ಅಪ್ಪ ಕಾಲಿಗೆ ಬಿದ್ದರು. ಅವಳು ಮಗನ ಕಣ್ಣಿನ ರೆಪ್ಪೆ ಕೆಳಗೆಳೆದು ಬಿಳಿ ನೋಡಿದಳು. ಮೂರು ವರ್ಷದಿಂದ ಅದು ಅವಳ ಅಭ್ಯಾಸ.

ಬಾಟಲಿಯನ್ನು ಅವಳು ಮುಟ್ಟಲಿಲ್ಲ. ಮಾರಪ್ಪ ಮುಚ್ಚಳ ತಿರುವಿ ಕಟಕ್ಕೆಂದು ಸೀಲು ಒಡೆದು, ಕಲ್ಲಿನ ಬುಡಕ್ಕೆ ಸುರಿದ. ಮಣ್ಣು ಗಟಗಟ ಕುಡಿಯಿತು. ಅಜ್ಜಿ ಸೆರಗನ್ನು ಮೂಗಿಗೆ ಹಿಡಿದು ಇನ್ನೊಂದು ಕೈಯಲ್ಲಿ ನಮಸ್ಕಾರ ಮಾಡಿದಳು. ಎಲೆಗೆ ಸುಣ್ಣ ಸವರತೊಡಗಿದಳು.

“ಚುಟ್ಟ ಕೊಡು ಸಾರ್,” ಎಂದು ಮಾರಪ್ಪ ಕೈಚಾಚಿದ.

“ಒಂದ್ ನಿಮಿಷ ಮಾರಪ್ಪ.” ಅಜ್ಜಿಯ ಬೆರಳು ಎಲೆಯ ಮೇಲೆ ನಿಂತಿತು. “ಮೀಸಲು ತಾನೇ? ದಾರೀಲಿ ಯಾರೂ ಮೂಸಿಲ್ಲ ತಾನೇ?”

“ಇಲ್ಲಮ್ಮ,” ಎಂದರು ಅಪ್ಪ. ಅವರು ನೋಡುತ್ತಿದ್ದದ್ದು ತಮ್ಮ ಚಪ್ಪಲಿಯನ್ನು.

ಅಜ್ಜಿ ನಂಬಿದಳು. ಅದೇ ನನಗೆ ತಡೆಯಲಾಗದ್ದು. ಮುಖವೆಲ್ಲ ಅರಳಿಸಿಕೊಂಡು ಅಡಿಕೆ ಹೋಳನ್ನು ಎಲೆಗಿಟ್ಟು ಮಡಚತೊಡಗಿದಳು. ಇನ್ನೊಂದು ಕ್ಷಣಕ್ಕೆ ಅದು ಬಾಯಿಗೆ ಹೋಗುತ್ತಿತ್ತು, ಸಂಜೆಗೆ ಕಥೆ ನನಗೆ ಬರುತ್ತಿತ್ತು. ಕಲ್ಲಿನ ಮೀಸೆ, ಗೋಂದು ಹಚ್ಚಿದ ಡಬ್ಬಿ, ಮಡಚಿದ ಎಲೆ ಮೂರನ್ನೂ ನೋಡಿದೆ. ಮಡಚಿದ ಎಲೆ ಮಡಚಿದ ನೆರಳಿನ ಹಾಗೇ ಇತ್ತು.

“ಮೂಸಿದಾರೆ ಅಜ್ಜಿ.”

ಅಮ್ಮ “ಅಕ್ಷರಾ!” ಎಂದಳು. ಅಪ್ಪ ಕಣ್ಣು ಮುಚ್ಚಿದರು.

“ಯಾರು?”

“ಉಜ್ಜನಪ್ಪ ಮಾವ. ಆಮೇಲೆ ಹೊನ್ನಯ್ಯನೋರು.”

“ಹೊನ್ನಯ್ಯನಾ!” ಅಜ್ಜಿಗೆ ಮೊದಲು ಹತ್ತಿದ ಸಿಟ್ಟು ಅದಕ್ಕೆ. “ನಶ್ಯ ಏರಿಸೋ ಮೂಗು ಕಣೇ ಅವನದು! ಒಳ್ಳೆ ಮೂಗೂ ಸಿಗಲಿಲ್ವಾ ನಿಮಗೆ?”

ಮಾರಪ್ಪ ಚಡಪಡಿಸಿದ. “ದೊಡ್ಡಮ್ಮಾ, ಬಿಡು. ನಮ್ಮ ಮುನೇಶ್ವರಂಗೆ ಬೀಡಿ ಕೊಟ್ರೂ ಬೇಡ ಅನ್ನಲ್ಲ. ಹೋದ ವಾರ ಒಬ್ಬ ಅರ್ಧ ಸೇದಿದ್ದೇ ಇಟ್ಟು ಹೋದ. ಸಾಮಿ ಏನೂ ಅನ್ನಲಿಲ್ಲ.”

“ಅವನು ಬೇಡ ಅನ್ನಲ್ಲ ಮಾರಪ್ಪ, ಗೊತ್ತು. ಮೀಸಲು ಅಂತ ಹೇಳಿದ್ದು ನಾನಲ್ವಾ.”

ಅವಳು ಎಲೆಯನ್ನು ಬಿಚ್ಚಿದಳು. ಅಡಿಕೆಯನ್ನು ತಟ್ಟೆಗೆ ಹಾಕಿದಳು. ಸುಣ್ಣವನ್ನು ಸೆರಗಿನ ತುದಿಯಿಂದ ಒರೆಸಿದಳು. ಸಿಟ್ಟಿನ ಒಂದು ಮಾತು ಆಡಿದ್ದರೆ ನನಗೆ ಸುಲಭವಾಗುತ್ತಿತ್ತು.

“ಚುಟ್ಟ ಏನು ಮಾಡೋದಮ್ಮ?” ಎಂದು ಅಪ್ಪ ಕೇಳಿದರು.

“ಸೇದೋರಿಗೆ ಕೊಡು.”

ಆ ಸಂಜೆ ಶಿಫ್ಟ್ ಬಿಟ್ಟ ಮೇಲೆ ಅಪ್ಪನ ವಿಭಾಗದ ಗಂಡಸರೆಲ್ಲ ಕ್ಯೂಬಾದ ಚುಟ್ಟ ಹಚ್ಚಿ ಕೆಮ್ಮಿದರು. ನಮ್ಮ ಬೀಡಿಯೇ ವಾಸಿ ಎಂದು ಅರ್ಧದಲ್ಲೇ ಕಾಲಡಿ ಹಾಕಿ ಹೊಸಕಿದರಂತೆ. ಮಾರಪ್ಪ ಇದನ್ನು ನಮಗೆ ಸಮಾಧಾನವಾಗಲೆಂದು ಬಂದು ಹೇಳಿದ. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಅವನು ಹೋದ ಮೇಲೆ ಅಜ್ಜಿ ಹಿತ್ತಿಲ ಮೆಟ್ಟಿಲ ಮೇಲೆ ಕುಳಿತು ನನ್ನನ್ನು ಕರೆದಳು. ಕೈಯಲ್ಲಿ ಅದೇ ಮೂರು ಎಲೆಯಲ್ಲಿ ಒಂದು.

“ಸಾರಾಯಿ ಸರಿಯಾಗಿ ಮುಟ್ಟಿತು ಅಲ್ವಾ? ಅದನ್ನ ಯಾರೂ ಮೂಸಿಲ್ಲ?”

“ನಾನು ಬಿಡಲಿಲ್ಲ ಅಜ್ಜಿ.”

“ಹಂಗಾದ್ರೆ ಅರ್ಧ ತೀರಿತು.” ಅಡಿಕೆ ಇಲ್ಲದ, ಸುಣ್ಣ ಇಲ್ಲದ ಬರೀ ಎಲೆಯನ್ನು ಬಾಯಿಗೆ ಹಾಕಿಕೊಂಡಳು. ಮೆಲ್ಲುತ್ತಾ ಮುಖ ಹಿಂಡಿದಳು. “ಥೂ, ದನ ಮೇಯ್ದ ಹಾಗೆ. ಎಲ್ಲಿಗೆ ನಿಲ್ಲಿಸಿದ್ದೆ?”

“ನಾಲ್ಕನೇ ಸಮುದ್ರ,” ಎಂದೆ. ಮೆಟ್ಟಿಲ ಮೇಲೆ ಅವಳಿಗೆ ಅಂಟಿಕೊಂಡು ಕುಳಿತೆ.

“ಹೂಂ. ನಾಲ್ಕನೇ ಸಮುದ್ರದ ದಡದಲ್ಲಿ ಒಬ್ಬ ಸುಂಕದವನು. ಬಟ್ಟೆ ಅಂಗಡಿ ಸಾಹುಕಾರನ ಹಾಗೆ ಹೊಟ್ಟೆ. ಹುಡುಗಿ ಕೇಳಿದಳು, ನನ್ನ ಹತ್ರ ಗೆಜ್ಜೆ ಇಲ್ಲ, ಜಡೆ ಇಲ್ಲ, ನೆರಳೂ ಇಲ್ಲ, ನಿನಗೇನು ಕೊಡಲಿ? ಅವನಂದ, ನನಗೇನೂ ಬೇಡಮ್ಮ ತಾಯಿ, ನೀನು ನಮ್ಮೋಳು. ಸ್ನಾನ ಮಾಡು, ರೊಟ್ಟಿ ತಿನ್ನು, ಗಂಟು ಇಲ್ಲಿ ಇಟ್ಟುಹೋಗು.”

“ಇಟ್ಟಳಾ?”

“ಇಟ್ಟಳು. ಬಂದು ನೋಡ್ತಾಳೆ, ಗಂಟಿನಲ್ಲಿ ಎಲ್ಲ ಇದೆ, ದಾರಿ ಮಾತ್ರ ಇಲ್ಲ. ಮತ್ತೆ ಮೊದಲನೇ ಸಮುದ್ರಕ್ಕೆ ನಡೆದಳು.”

“ಮೊದಲನೇದಕ್ಕಾ? ಮತ್ತೆ ಎಲ್ಲಾ ದಾಟಬೇಕಾ? ಆಮೇಲೆ?”

ಅಜ್ಜಿ ಎಲೆಯ ಚರಟವನ್ನು ಗಿಡದ ಬುಡಕ್ಕೆ ಉಗಿದಳು. “ಆಮೇಲೆ ಏನು? ಬಾಯಿ ಒಣಗಿತು. ಚುಟ್ಟ ಬರಲಿ.”

*

ಮಾರನೆಯ ದಿನ ಏಜೆನ್ಸಿಯಲ್ಲಿ ಹತ್ತು ಅರ್ಜಿ ತುಂಬಿದೆ. ಒಬ್ಬರು ಹಜ್‌ಗೆ ಹೊರಟಿದ್ದರು, ಅವರನ್ನು ಚುಟ್ಟ ತನ್ನಿ ಎಂದು ಕೇಳುವಂತಿಲ್ಲ. ಒಬ್ಬ ಕುವೈತಿಗೆ ಹೊರಟಿದ್ದ, ಅವನು ನನ್ನೆದುರೇ ಎರಡು ಸಿಗರೇಟು ಸೇದಿದ. ಎಲ್ಲರ ಮೂಗನ್ನೂ ನೋಡಿದೆ. ಯಾವ ಮೂಗಿನ ಮೇಲೂ ನಂಬಿಕೆ ಬರಲಿಲ್ಲ.

ಮಧ್ಯಾಹ್ನ ನಿಯಮಗಳ ಪುಸ್ತಕದ ಮೇಲಿನ ಊಟದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಒಂದು ಖಾಲಿ ಪಾಸ್‌ಪೋರ್ಟ್ ಅರ್ಜಿ ಎಳೆದುಕೊಂಡೆ. ಹೆಸರಿನ ಜಾಗದಲ್ಲಿ ಬಿಡಿಬಿಡಿ ಅಕ್ಷರದಲ್ಲಿ ಬರೆಯತೊಡಗಿದಾಗ ತ್ರಿವಿಕ್ರಮ ಸರ್ ಹಿಂದಿನಿಂದ ಬಗ್ಗಿ ನೋಡಿದರು.

“ಯಾರದಮ್ಮ ಇದು?”

“ನಂದೇ ಸರ್.”

“ನಿಂದಾ? ಎಲ್ಲಿಗೆ ಹೊರಟೆ ಮಾರಾಯ್ತಿ, ನೀನು ಬೆಂಗಳೂರಿಗೇ ಎರಡು ಸಲ ಹೋಗಿರೋಳು?”

“ಇನ್ನೂ ಗೊತ್ತಿಲ್ಲ ಸರ್,” ಎಂದೆ. “ಬರುವಾಗ ಮಾತ್ರ ಶಿವಮೊಗ್ಗದಲ್ಲಿ ಇಳಿಯಲ್ಲ.”